ಅನುಭವ ಕೇಳದ ಕೆಲಸ

ಮಧ್ಯಯುಗದ ಯುರೋಪಿನ ಬದುಕನ್ನು ಉಡುಗೆ, ಕಾಳಗ, ಕರಕುಶಲಗಳಲ್ಲಿ ಮತ್ತೆ ಕಟ್ಟಿ ಆಡುವ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ 1966ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಶುರುವಾಯಿತು. ಅಲ್ಲಿನ ಸದಸ್ಯರು ತಮಗೊಂದು ಹಳೆಗಾಲದ ಹೆಸರು, ಗುರಾಣಿಗೊಂದು ಲಾಂಛನ ಇಟ್ಟುಕೊಳ್ಳಬಹುದು. ಅವು ಇನ್ನೊಬ್ಬರದ್ದನ್ನು ಹೋಲದಂತೆ ನೋಡಿ ದಾಖಲಿಸುವವರೇ ಹೆರಾಲ್ಡ್‌ಗಳು. ಎಲ್ಲರೂ ಸ್ವಯಂಸೇವಕರು.

ಹೊಸಬರನ್ನು ಅವರು ಪಳಗಿಸುವ ಬಗೆ ನನಗೆ ಹಿಡಿಸಿತು. ಗಟ್ಟಿ ದನಿಯಿದ್ದರೆ ಕಣದಲ್ಲಿ ಸೆಣಸುವವರ ಹೆಸರು ಕೂಗಬಹುದು. ಸಂಕೋಚದವರು ಅನುಭವಿಯ ಪಕ್ಕ ಕೂತು ಲಾಂಛನಗಳಿಗೆ ಬಣ್ಣ ತುಂಬಬಹುದು. ಪಾಠವೂ ಅಲ್ಲೇ: ಹಳದಿ, ಬಿಳಿ ಎಂದರೆ ಚಿನ್ನ, ಬೆಳ್ಳಿಯೆಂಬ ‘ಲೋಹ’ಗಳು, ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ‘ಬಣ್ಣ’ಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಕೂಡದು. ನೀಲಿಯ ಮೇಲೆ ಕಪ್ಪು ಸಿಂಹ ಬರೆದು ದೂರದಿಂದ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ.

ನಮ್ಮ ಕಾಲೇಜು ಕ್ಲಬ್‌ಗಳಲ್ಲಿ ಜೂನಿಯರ್‌ಗಳಿಗೆ ಎದುರಾಗುವ ಮೊದಲ ಪ್ರಶ್ನೆ, ‘ಅನುಭವ ಇದೆಯಾ?’ ಮುಂದೆ ಕಂಪನಿಗಳೂ ಅದನ್ನೇ ಕೇಳುತ್ತವೆ. ಎಲ್ಲರೂ ಕೇಳುವವರೇ ಆದರೆ ಕೊಡುವವರು ಯಾರು? ಕಂಪನಿಗಳ ರೀತಿ ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಕ್ಲಬ್ ನಮ್ಮದೇ. ಗೆಳೆಯರೇ, ಈ ವರ್ಷ ಫಸ್ಟ್ ಇಯರ್‌ನವರು ಬಂದಾಗ ಅರ್ಜಿಯ ಬದಲು ಮೈಕನ್ನೋ ಕುಂಚವನ್ನೋ ಕೈಗಿಡೋಣ.