ಹಾಡು ನಮ್ಮದು; ಬೀಗದ ಕೈ ಯಾರದು?

ವೈಣಿಕನೊಬ್ಬನು ಬೆಳಗಿನ ಸಾಧನೆಗೆಂದು ಕುಳಿತು ತಂತಿಗೆ ಬೆರಳು ತಾಕಿಸುತ್ತಾನೆ, ವೀಣೆ ನುಡಿಯುವುದಿಲ್ಲ. "ನನ್ನನ್ನು ಮಾಡಿದವನಿಂದ ಈ ತಿಂಗಳ ಅಪ್ಪಣೆ ಬಂದಿಲ್ಲ" ಎಂದು ಅದು ಮುನಿದು ಕುಳಿತಿದೆ! ಇಂಥ ವೀಣೆಯನ್ನು ಯಾರಾದರೂ ಮನೆಗೆ ತಂದಾರೆಯೆ? ನಗು ಬರುವ ಮಾತು, ನಿಜ. ಆದರೆ ಕಂಪ್ಯೂಟರನ್ನೇ ವಾದ್ಯವನ್ನಾಗಿ ಮಾಡಿಕೊಂಡಿರುವ ಇಂದಿನ ಸಂಗೀತಗಾರರಿಗೆ ಇದು ಬರಿಯ ನಗೆಮಾತಲ್ಲ.

ಒಂದು ಕಾಲದಲ್ಲಿ ಹಾಡೊಂದನ್ನು ಮುದ್ರಿಸಬೇಕಾದರೆ ಕೋಣೆ ತುಂಬುವಷ್ಟು ಯಂತ್ರಗಳು ಬೇಕಾಗುತ್ತಿದ್ದವು. ಇಂದು ಆ ಕೋಣೆಯೇ ಕಂಪ್ಯೂಟರಿನೊಳಗಿನ ಒಂದು ತಂತ್ರಾಂಶವಾಗಿ ಮೇಜಿನ ಮೇಲೆ ಬಂದು ಕುಳಿತಿದೆ. ಅದಕ್ಕೆ ಜೊತೆಯಾಗಿ 'ಪ್ಲಗಿನ್'ಗಳೆಂಬ ಚಿಕ್ಕ ಚಿಕ್ಕ ತಂತ್ರಾಂಶಗಳುಂಟು. ಒಂದು ಪಿಯಾನೋ ಆಗಿ ನುಡಿದರೆ, ಇನ್ನೊಂದು ಕಂಠಕ್ಕೆ ದೇವಾಲಯದ ಪ್ರಾಕಾರದ ಗುಂಗನ್ನು ಕೂಡಿಸುತ್ತದೆ. ಇವುಗಳನ್ನು ಜೋಡಿಸಿಕೊಳ್ಳಲು ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು 1996ರಲ್ಲಿ 'ವಿಎಸ್‌ಟಿ' ಎಂಬ ಕ್ರಮವನ್ನು ತಂದಿತು. ಬಹುಪಾಲು ತಯಾರಕರು ಅದನ್ನೇ ಅನುಸರಿಸಿದರು.

ಆದರೆ ಈ ಸರಂಜಾಮೆಲ್ಲ ತಯಾರಾದದ್ದು ಮುಖ್ಯವಾಗಿ ಎರಡು ಮನೆಗಳಿಗೆ: ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಒಂದು, ಆಪಲ್ ಸಂಸ್ಥೆಯ ಮ್ಯಾಕ್ ಇನ್ನೊಂದು. ಮೂರನೆಯ ಮನೆಯೊಂದುಂಟು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬ ತರುಣನು ಅಡಿಪಾಯ ಹಾಕಿದ ಲಿನಕ್ಸ್ ಅದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಒಡೆಯನೊಬ್ಬನು ಬಂದು "ಇನ್ನು ಖಾಲಿ ಮಾಡಿ" ಎನ್ನುವ ಭಯ ಅಲ್ಲಿಲ್ಲ.

ಈ ಭಯ ಕಲ್ಪನೆಯದಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಪೋಷಣೆ ಕೊನೆಗೊಂಡಿತು. ಹೊಸದಾದ ವಿಂಡೋಸ್ 11 ಅನೇಕ ಹಳೆಯ ಕಂಪ್ಯೂಟರುಗಳನ್ನು ಒಪ್ಪುವುದಿಲ್ಲ. ಯಂತ್ರ ಗಟ್ಟಿಯಾಗಿದೆ, ಹಾಡೂ ಸಿದ್ಧವಾಗಿದೆ, ಆದರೂ ಹೊಸ ಯಂತ್ರ ಕೊಳ್ಳಬೇಕು! ಕೈ ಬಿಗಿಯಾಗಿರುವ ಕಲಾವಿದರಿಗೆ ಇದು ಸಣ್ಣ ಸಂಗತಿಯೆ? "ನಮ್ಮ ಸಂಗೀತದ ತಂತ್ರಾಂಶವೂ ಲಿನಕ್ಸಿನಲ್ಲಿ ನಡೆಯಲಿ" ಎಂದು ಅವರು ಹಂಬಲಿಸುವುದು ಇದಕ್ಕೇ.

ಹಾಗಾದರೆ ಅಡ್ಡಿಯೇನು? ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಲಿನಕ್ಸಿನಲ್ಲಿ ಸಂಗೀತಗಾರರು ಕಡಿಮೆಯೆಂದು ಕಂಪೆನಿಗಳು ಬರುವುದಿಲ್ಲ. ಕಂಪೆನಿಗಳ ಪ್ಲಗಿನ್‌ಗಳಿಲ್ಲವೆಂದು ಸಂಗೀತಗಾರರು ಹೋಗುವುದಿಲ್ಲ.

ಈ ಗಂಟನ್ನು ಬಿಚ್ಚಲು ಕೈಹಾಕಿದವರಲ್ಲಿ ಪಾಲ್ ಡೇವಿಸ್ ಮುಖ್ಯರು. ಅಮೆಜಾನ್ ಸಂಸ್ಥೆಯ ಆರಂಭದ ದಿನಗಳಲ್ಲಿ ಅಲ್ಲಿ ದುಡಿದ ಈ ತಂತ್ರಜ್ಞರು 2000ದ ಸುಮಾರಿಗೆ 'ಆರ್ಡರ್' ಎಂಬ ಧ್ವನಿಮುದ್ರಣ ತಂತ್ರಾಂಶವನ್ನು ಕಟ್ಟಲಾರಂಭಿಸಿದರು. ಒಂದು ತಂತ್ರಾಂಶದ ನಾದವನ್ನು ಇನ್ನೊಂದಕ್ಕೆ ಹರಿಸುವ 'ಜ್ಯಾಕ್' ಎಂಬ ವ್ಯವಸ್ಥೆಯೂ ಅವರ ಕೈಯಿಂದಲೇ ಮೂಡಿತು.

ಕಟ್ಟಿದರಷ್ಟೇ ಸಾಲದು, ಕಾಲಪ್ರಮಾಣ ಕೂಡಬೇಕಲ್ಲ! ಕಂಪ್ಯೂಟರು ನಾದವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಎಣಿಸುತ್ತದೆ. ಸೆಕೆಂಡಿಗೆ 48,000 ತುಣುಕುಗಳಂತೆ ಎಣಿಸಿ, 256ನ್ನು ಒಂದು ಕಂತೆಯಾಗಿ ಕಟ್ಟಿದರೆ, ಒಂದು ಕಂತೆ ತುಂಬಲು ಸುಮಾರು ಐದು ಮಿಲಿಸೆಕೆಂಡು ಹಿಡಿಯುತ್ತದೆ. ಆರು ಅಡಿ ದೂರದಲ್ಲಿ ಕುಳಿತ ಮೃದಂಗದವರ ನಾದ ನಮ್ಮ ಕಿವಿಗೆ ಬರಲು ಹಿಡಿಯುವುದೂ ಅಷ್ಟೇ ಹೊತ್ತು. ಇಷ್ಟು ತಡವನ್ನು ಯಾರೂ ಗಣಿಸರು. ಆದರೆ ಕಂಪ್ಯೂಟರು ಬೇರೊಂದು ಕೆಲಸದಲ್ಲಿ ಮೈಮರೆತು ಕಂತೆಯೊಂದನ್ನು ತಪ್ಪಿಸಿತೋ, 'ಟಪ್' ಎಂದು ಸದ್ದಾಗಿ ಹಾಡು ಕೆಡುತ್ತದೆ. ಹೊತ್ತಿಗೆ ತಪ್ಪದೆ ಕೆಲಸ ಮುಗಿಸುವ ಈ ಶಿಸ್ತನ್ನು ಲಿನಕ್ಸಿಗೆ ಕಲಿಸಲು ತಂತ್ರಜ್ಞರು ಸುಮಾರು ಇಪ್ಪತ್ತು ವರ್ಷ ದುಡಿದರು. ಅವರ ತಿದ್ದುಪಡಿಗಳ ಮುಖ್ಯ ಭಾಗವು 2024ರಲ್ಲಿ ಲಿನಕ್ಸಿನ ಮೂಲದಲ್ಲಿಯೇ ಸೇರಿಹೋಯಿತು.

ಉಳಿದದ್ದು ಪ್ಲಗಿನ್‌ಗಳ ತೊಡಕು. ವಿಂಡೋಸಿಗೆಂದು ಮಾಡಿದ ತಂತ್ರಾಂಶವನ್ನು ಲಿನಕ್ಸಿನಲ್ಲಿ ನಡೆಸುವ 'ವೈನ್' ಎಂಬ ದುಭಾಷಿಯೊಂದು 1993ರಿಂದಲೂ ಬೆಳೆದುಬಂದಿದೆ. ಅದರ ನೆರವಿನಿಂದ ವಿಂಡೋಸಿನ ಪ್ಲಗಿನ್‌ಗಳನ್ನು ಲಿನಕ್ಸಿನ ಸಂಗೀತ ತಂತ್ರಾಂಶಕ್ಕೆ ಜೋಡಿಸುವ 'ಯಾಬ್ರಿಜ್' ಎಂಬ ಸೇತುವೆ 2020ರಲ್ಲಿ ಬಂದಿತು. ಎಷ್ಟೋ ಪ್ಲಗಿನ್‌ಗಳು ಈ ಸೇತುವೆ ದಾಟಿ ಬರುತ್ತವೆ. ಆದರೆ ಕಳ್ಳಪ್ರತಿಗಳನ್ನು ತಡೆಯಲೆಂದು ಹಾಕಿದ ಬೀಗಗಳು ಒಮ್ಮೊಮ್ಮೆ ಹಣ ತೆತ್ತು ಕೊಂಡವನನ್ನೇ ಹೊರಗೆ ನಿಲ್ಲಿಸುವುದುಂಟು!

ಕಂಪೆನಿಗಳೆಲ್ಲವೂ ಬೆನ್ನು ತಿರುಗಿಸಿದವೆಂದಲ್ಲ. ಬರ್ಲಿನ್ನಿನ ಬಿಟ್‌ವಿಗ್ ಸಂಸ್ಥೆಯು 2014ರಲ್ಲಿ ತನ್ನ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಾಗ ಮೊದಲ ದಿನದಿಂದಲೇ ಲಿನಕ್ಸಿಗೂ ಎಡೆ ಬಡಿಸಿತು. ಮುದ್ರಿಸಿಟ್ಟ ನಾದವನ್ನು ನೆಚ್ಚದೆ, ತಂತಿಯ ಕಂಪನವನ್ನು ಲೆಕ್ಕಹಾಕಿಯೇ ಪಿಯಾನೋ ನುಡಿಸುವ ಫ್ರಾನ್ಸಿನ 'ಪಿಯಾನೋಟೆಕ್' ಕೂಡ ಲಿನಕ್ಸಿನಲ್ಲಿ ನಡೆಯುತ್ತದೆ. 2022ರಲ್ಲಿ 'ಕ್ಲಾಪ್' ಎಂಬ ಮುಕ್ತ ಜೋಡಣಾ ಕ್ರಮ ಹೊರಬಂದಿತು. ಕೊನೆಗೆ 2025ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯೇ ತನ್ನ ವಿಎಸ್‌ಟಿಯ ಮೂರನೆಯ ಪೀಳಿಗೆಯನ್ನು ಉದಾರವಾದ ಕರಾರಿನ ಮೇಲೆ ಎಲ್ಲರಿಗೂ ಬಿಟ್ಟುಕೊಟ್ಟಿತು.

ಹಾಗೆಂದು ಇಂದೇ ಹಳೆಯ ಮನೆ ಬಿಟ್ಟು ಹೊರಡಿರೆಂದು ಯಾರಿಗೂ ಹೇಳಲಾಗದು. ಏಬಲ್‌ಟನ್ ಲೈವ್, ಪ್ರೋ ಟೂಲ್ಸ್, ಕ್ಯೂಬೇಸ್ ಮೊದಲಾದ ಹೆಸರಾಂತ ತಂತ್ರಾಂಶಗಳಿಗೆ ಲಿನಕ್ಸಿನ ಆವೃತ್ತಿಗಳಿಲ್ಲ. ಅವುಗಳಲ್ಲಿ ಬೆರಳು ಪಳಗಿಸಿಕೊಂಡವರು ಹೊಸ ಮನೆಯಲ್ಲಿ ದೀಪದ ಗುಂಡಿ ಎಲ್ಲಿದೆಯೆಂದು ತಡಕಾಡಬೇಕಾದೀತು.

ಆದರೆ ಹೋಗುವವರಿಗೂ ಉಳಿಯುವವರಿಗೂ ಸಲ್ಲುವ ಕಿವಿಮಾತೊಂದುಂಟು. ಹತ್ತು ವರ್ಷದ ಹಿಂದೆ ಕಟ್ಟಿದ ಹಾಡಿನ ಕಡತವನ್ನು ಇಂದು ತೆರೆದರೆ, ಅಂದಿನ ಪ್ಲಗಿನ್ ಇಲ್ಲದಿದ್ದಲ್ಲಿ ಆ ವಾದ್ಯದ ಜಾಗದಲ್ಲಿ ಮೌನವೇ ಕೇಳಿಬರುತ್ತದೆ. ಆದುದರಿಂದ ಹಾಡು ಮುಗಿದ ದಿನವೇ ಕಂಠವನ್ನೂ ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ, 'ವೇವ್' ಎಂಬ ಸರಳ ರೂಪದಲ್ಲಿ ತೆಗೆದಿಡಬೇಕು. ಅದನ್ನು ಮೂರೂ ಮನೆಗಳಲ್ಲಿ ತೆರೆಯಬಹುದು. ಯಾರ ಅಪ್ಪಣೆಯೂ ಬೇಡ. ಅಜ್ಜಿಯ ವೀಣೆ ಮೊಮ್ಮಗಳ ಕೈಯಲ್ಲಿ ನುಡಿಯುವುದನ್ನು ಕಂಡ ನಮಗೆ, ನಮ್ಮ ಹಾಡೂ ಹಾಗೆಯೇ ಮಕ್ಕಳ ಕೈಸೇರಲಿ ಎಂಬ ಆಸೆ ಅತಿಯಾಸೆಯೇನೂ ಅಲ್ಲವಷ್ಟೆ?