ಗುರಿಕಾರನ ಕೆನ್ನೆಗೊಂದು ಆಸರೆ

ಮಸೂರದ ಸಂಗಮದೂರವನ್ನು ಎರಡು ಸೂಜಿಗಳಿಂದ ಅಳೆಯಲು ನಿಂತ ವಿದ್ಯಾರ್ಥಿಗೆ ಅಧ್ಯಾಪಕರು ಹೇಳುವ ಮೊದಲ ಮಾತು, "ತಲೆಯನ್ನು ಅತ್ತಿತ್ತ ಸರಿಸಿ ನೋಡು" ಎಂಬುದು. ಸೂಜಿಯೂ ಬಿಂಬವೂ ಜೊತೆಯಾಗಿ ಸರಿದರೆ ಅವೆರಡೂ ಒಂದೇ ನೆಲೆಯಲ್ಲಿವೆ, ಅಗಲಿದರೆ ಇಲ್ಲ. ಈ ಅಗಲಿಕೆಯೇ ಸ್ಥಾನಪಲ್ಲಟ, ಅಂದರೆ ಪ್ಯಾರಲ್ಯಾಕ್ಸ್. ಪ್ರಯೋಗಶಾಲೆಯ ಈ ಪಾಠವು ಕಾಡಿನಂಚಿನಲ್ಲಿ ಪ್ರಾಣದ ಪ್ರಶ್ನೆಯೂ ಆಗಬಲ್ಲದು.

ಹಳ್ಳಿಮೈಸೂರು ಬಯಲಿನ ಊರು. ಆದರೆ ಇದೇ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಕಾಡಾನೆಗಳ ಸಂಚಾರ ನಿತ್ಯದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಿಂದ ಬೇಟೆ ನಿಷಿದ್ಧವಾಗಿದೆ. ಬೇಟೆಯ ಬಂದೂಕಿನ ಕೌಶಲವು ಇಂದು ಅರಿವಳಿಕೆ ಮದ್ದಿನ ಸೂಜಿಬಾಣವನ್ನು ಹಾರಿಸುವ ಬಂದೂಕಿಗೆ ಬೇಕಾಗಿದೆ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಆನೆಯ ಚಿಕಿತ್ಸೆಗಾಗಿ ಸೂಜಿಬಾಣ ಹಾರಿಸಿದ ಅನುಭವಿ ಗುರಿಕಾರರೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು. ಅದಕ್ಕೆ ಸಲಕರಣೆ ಕಾರಣವೆಂದಲ್ಲ. ಮದ್ದು ಏರಲು ನಿಮಿಷಗಳೇ ಬೇಕು. ಆದರೆ ಇಂತಹ ಕೆಲಸದಲ್ಲಿ ಗುರಿ ಹಿಡಿಯುವ ಒಂದು ಕ್ಷಣವೂ ವ್ಯರ್ಥವಾಗಬಾರದೆಂಬುದು ಇದರಿಂದ ತಿಳಿಯುತ್ತದೆ.

ಸಾಮಾನ್ಯ ಬಂದೂಕಿನ ಮರದ ಹಿಡಿಯನ್ನು ನಳಿಗೆಯ ಮೇಲಿನ ಕಚ್ಚು ಮತ್ತು ಮೊಳೆಗಳ ಮೂಲಕ ನೋಡುವ ಕಣ್ಣಿಗೆ ತಕ್ಕಂತೆ ರೂಪಿಸಿರುತ್ತಾರೆ. ಅದರ ಮೇಲೆ ದೂರದರ್ಶಕವನ್ನು ಕೂರಿಸಿದರೆ ನೋಟದ ಗೆರೆ ಸುಮಾರು ಎರಡು ಸೆಂಟಿಮೀಟರ್ ಮೇಲೇರುತ್ತದೆ. ಆಗ ಕೆನ್ನೆ ಮರವನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತದೆ, ಕತ್ತು ಸೋಲುತ್ತದೆ. ಈ ಅಂತರವನ್ನು ತುಂಬುವುದೇ ಎತ್ತರ ಬದಲಿಸಬಲ್ಲ ಕೆನ್ನೆಪಟ್ಟಿಯ ಕೆಲಸ.

ಕಣ್ಣು ಸರಿದರೆ ಗುರಿ ಎಷ್ಟು ತಪ್ಪುತ್ತದೆ? ಲೆಕ್ಕ ಹಾಕೋಣ. ನಾಲ್ಕು ಪಟ್ಟು ವರ್ಧಿಸುವ ದೂರದರ್ಶಕವೊಂದನ್ನು 100 ಮೀಟರಿಗೆ ಹೊಂದಿಸಿದೆ ಎನ್ನೋಣ. ಕಣ್ಣು 2 ಮಿಲಿಮೀಟರ್ ಸರಿದರೆ, ಬೆಳಕಿನ ಗೆರೆ ಮುಂದಿನ ಮಸೂರದಲ್ಲಿ ಅದರ ನಾಲ್ಕರಷ್ಟು, ಅಂದರೆ 8 ಮಿಲಿಮೀಟರ್ ಸರಿಯುತ್ತದೆ. ಆ ಗೆರೆ 100 ಮೀಟರಿನಲ್ಲಿ ಅಕ್ಷವನ್ನು ಸೇರುವುದರಿಂದ, 40 ಮೀಟರಿನಲ್ಲಿ ಉಳಿಯುವ ತಪ್ಪು 8ರಲ್ಲಿ ಹತ್ತರ ಆರು ಪಾಲು: 4.8 ಮಿಲಿಮೀಟರ್. ಆನೆಯ ಮೈಮೇಲೆ ಇದು ಅತ್ಯಲ್ಪ. ಇದಕ್ಕೆ ಪ್ರತಿಯಾಗಿ, ಅರ್ಧ ಮೀಟರ್ ಅಂತರದ ಕಚ್ಚು ಮೊಳೆಗಳ ಹೊಂದಿಕೆ ಒಂದು ಮಿಲಿಮೀಟರ್ ತಪ್ಪಿದರೆ, ಅದೇ ದೂರದಲ್ಲಿ 80 ಮಿಲಿಮೀಟರ್ ತಪ್ಪಾಗುತ್ತದೆ!

ಹಾಗಾದರೆ ದೂರದರ್ಶಕದ ಬಂದೂಕಿಗೆ ಕೆನ್ನೆಪಟ್ಟಿ ಏತಕ್ಕೆ? ಅದರಿಂದ ಉಳಿಯುವುದು ಮುಖ್ಯವಾಗಿ ಕಾಲ. ನೇತ್ರಮಸೂರದಿಂದ ಹೊರಬೀಳುವ ಬೆಳಕಿನ ಕಂಬ ಕಿರಿದು. ಕಣ್ಣು ಅದರಿಂದ ಹೊರಸರಿದರೆ ದೃಶ್ಯದ ಅಂಚಿನಲ್ಲಿ ಕಪ್ಪು ಚಂದ್ರಕಲೆ ಮೂಡಿ, ಗುರಿಯೇ ಮರೆಯಾಗುತ್ತದೆ. ಗುರಿಕಾರನು ಕಣ್ಣಿನ ನೆಲೆಯನ್ನು ತಡಕಾಡುತ್ತಿರುವಾಗ ಆನೆ ಕಾಯುವುದಿಲ್ಲ. ಬಾಣವು ತೊಡೆಯ ಅಥವಾ ಹೆಗಲಿನ ದಪ್ಪ ಮಾಂಸಖಂಡಕ್ಕೆ ನಾಟದಿದ್ದರೆ ಮದ್ದು ಸರಿಯಾಗಿ ಏರುವುದೂ ಇಲ್ಲ.

ಇನ್ನು ಆಯ್ಕೆಯ ಮಾತು. ಪಟ್ಟಿಯಿಂದ ಬಿಗಿಯುವ ಮೆತ್ತೆ ಅಗ್ಗ, ಮರವನ್ನು ಕೊಯ್ಯಬೇಕಾಗಿಲ್ಲ. ಆದರೆ ಮೆತ್ತೆ ಒತ್ತಿದಷ್ಟು ತಗ್ಗುತ್ತದೆ, ಮಲೆನಾಡಿನ ಮಳೆಯಲ್ಲಿ ಬಟ್ಟೆ ನೆನೆದು ಪಟ್ಟಿ ಸಡಿಲವಾಗುತ್ತದೆ. ತಿರುಪಿನಿಂದ ಏರಿಳಿಯುವ ಗಟ್ಟಿ ಹಲಗೆಗೆ ಬೆಲೆ ಹೆಚ್ಚು, ತೂಕವೂ ಹೆಚ್ಚು. ಆದರೆ ಬಿಗಿದಲ್ಲೇ ನಿಲ್ಲುತ್ತದೆ. ಒಂದೇ ಬಂದೂಕನ್ನು ಹಲವರು ಬಳಸುವಲ್ಲಿ ಅಳತೆಯ ಗೆರೆಗಳುಳ್ಳ ಹಲಗೆಯೇ ಮೇಲು. ಪ್ರತಿಯೊಬ್ಬರೂ ತಮ್ಮ ಗೆರೆಯನ್ನು ನೆನಪಿಟ್ಟರೆ ಸಾಕು. ಬೋಲ್ಟ್ ಇರುವ ಬಂದೂಕಾದರೆ, ಅದನ್ನು ಹಿಂದಕ್ಕೆಳೆದಾಗ ಪಟ್ಟಿಗೆ ತಾಗದಂತೆ ನೋಡಿಕೊಳ್ಳಬೇಕು.

ಪರೀಕ್ಷೆಯ ವಿಧಾನ ಸುಲಭ. ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಕಣ್ಣು ಮುಚ್ಚಿ ಭುಜಕ್ಕೇರಿಸಿ ಕೆನ್ನೆಯನ್ನು ಸಹಜವಾಗಿ ಒರಗಿಸಬೇಕು. ಕಣ್ಣು ತೆರೆದೊಡನೆ ದೃಶ್ಯವೃತ್ತ ಪೂರ್ಣವಾಗಿ ಕಂಡರೆ ಎತ್ತರ ಸರಿ. ಹತ್ತು ಬಾರಿಯೂ ಹಾಗೆಯೇ ಕಾಣಬೇಕು. ಅಳತೆಯೊಂದು ಪ್ರತಿಸಲವೂ ಒಂದೇ ಆಗಿ ಬರಬೇಕೆಂಬ ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಮಗೆ ಪ್ರಮಾಣ.