ಯಂತ್ರಗಳಿಗೂ ಒಬ್ಬ ದುಭಾಷಿ

ಮಡಿಕೇರಿಯಿಂದ ಸುಳ್ಯದ ಕಡೆಗೆ ಇಳಿಯುವ ಘಟ್ಟದ ಬುಡದಲ್ಲಿರುವ ಊರು ಸಂಪಾಜೆ. ಕೊಡಗಿಗೂ ದಕ್ಷಿಣ ಕನ್ನಡಕ್ಕೂ ಅದು ಗಡಿ. ಅರೆಭಾಷೆ, ತುಳು, ಕನ್ನಡಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಇಂತಹ ಎಡೆಯಲ್ಲಿ ದುಭಾಷಿಯ ಉಪಯೋಗವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಕಂಪ್ಯೂಟರುಗಳಿಗೂ ದುಭಾಷಿ ಬೇಕಾಗುವುದುಂಟು.

ಅಲ್ಲಿಯ ಅಡಕೆ ತೋಟದ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಹಲವು ವರ್ಷಗಳ ಲೆಕ್ಕವಿದ್ದ ಹಳೆಯ ಕಂಪ್ಯೂಟರು ಮುಪ್ಪಾಗಿ, ಮಗನು ಹೊಸ ಲ್ಯಾಪ್‌ಟಾಪನ್ನು ತಂದಿದ್ದಾನೆ. ಹಳೆಯದರ ಪ್ರೊಸೆಸರಿನ ಭಾಷೆ ‘ಎಕ್ಸ್ ೮೬’, ಹೊಸದರದು ‘ಆರ್ಮ್’. ಆದರೂ ಹಳೆಯ ಲೆಕ್ಕದ ಪ್ರೋಗ್ರಾಂ ತೆರೆಯುತ್ತದೆ. ತಂದೆಗೆ ಸಮಾಧಾನ. ಆದರೆ ರಸೀದಿಯ ಪ್ರಿಂಟರು ಮಾತ್ರ ಮಿಸುಕುವುದಿಲ್ಲ!

ಕಾರಣವಿಷ್ಟೆ. ಪ್ರೋಗ್ರಾಮಿನ ಆಜ್ಞೆಗಳನ್ನು ಒಂದು ತಂತ್ರಾಂಶವು ಕಂತುಕಂತಾಗಿ ಹೊಸ ಭಾಷೆಗೆ ತಿರುಗಿಸಿ, ತಿರುಗಿಸಿದ್ದನ್ನು ಮತ್ತೆ ಉಪಯೋಗಿಸಲು ಕಾದಿಡುತ್ತದೆ. ಇದಕ್ಕೆ ‘ಎಮ್ಯುಲೇಷನ್’ ಎಂದು ಹೆಸರು. ಪ್ರಿಂಟರನ್ನು ನಡೆಸುವ ‘ಡ್ರೈವರ್’ ಎಂಬ ತಂತ್ರಾಂಶವಾದರೋ ಕಾರ್ಯವ್ಯವಸ್ಥೆಯ ಒಳಮನೆಯಲ್ಲಿ ಕೆಲಸಮಾಡತಕ್ಕದ್ದು. ಆರ್ಮ್ ಯಂತ್ರದ ವಿಂಡೋಸಿನಲ್ಲಿ ದುಭಾಷಿಗೆ ಆ ಒಳಮನೆಯ ಪ್ರವೇಶವಿಲ್ಲ; ಡ್ರೈವರು ಆರ್ಮ್ ಭಾಷೆಯಲ್ಲಿಯೇ ಇರಬೇಕು.

ಈ ವಿದ್ಯೆ ಹೊಸದೇನಲ್ಲ. ೧೯೬೪ರಲ್ಲಿ ಐ.ಬಿ.ಎಂ. ಸಂಸ್ಥೆಯು ‘ಸಿಸ್ಟಂ ೩೬೦’ ಯಂತ್ರಗಳನ್ನು ಪ್ರಕಟಿಸಿದಾಗ, ಗಿರಾಕಿಗಳ ಹಳೆಯ ‘೧೪೦೧’ರ ಪ್ರೋಗ್ರಾಮುಗಳು ವ್ಯರ್ಥವಾಗದಂತೆ ಇದೇ ಉಪಾಯವನ್ನು ಹೂಡಿತ್ತು. ೨೦೦೩ರಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಹೊರತಂದ ‘ಕ್ಯೂ.ಇ.ಎಂ.ಯು.’ ಎಂಬ ತಂತ್ರಾಂಶವು ಇಡೀ ಹಳೆಯ ಯಂತ್ರವನ್ನೇ ಅನುಕರಿಸಬಲ್ಲುದು. ಅದರೊಳಗೆ ಹಳೆಯ ಕಾರ್ಯವ್ಯವಸ್ಥೆಯನ್ನೂ ಹಳೆಯ ಡ್ರೈವರನ್ನೂ ನೆಲೆಗೊಳಿಸಿ, ಯು.ಎಸ್.ಬಿ. ಪ್ರಿಂಟರನ್ನು ನೇರವಾಗಿ ಅದರ ವಶಕ್ಕೆ ಒಪ್ಪಿಸಬಹುದು. ವೇಗ ಕುಗ್ಗುವುದು, ಆದರೂ ರಸೀದಿಗೆ ಅಷ್ಟು ಸಾಕು.

ಯಂತ್ರದ ಒಳಗೇ ಜೋಡಿಸುವ ಕಾರ್ಡುಗಳ ವಿಷಯ ಬೇರೆ. ಅವು ಪ್ರೊಸೆಸರನ್ನು ಕೇಳದೆ ನೆನಪಿನ ಕೋಶಕ್ಕೆ ತಾವೇ ಬರೆಯಬಲ್ಲವು. ಅವನ್ನು ಅನುಕರಣದ ಯಂತ್ರಕ್ಕೆ ಒಪ್ಪಿಸುವಾಗ, ಗೊತ್ತುಪಡಿಸಿದ ಭಾಗವನ್ನು ಬಿಟ್ಟು ಬೇರೆಡೆ ಕೈಹಾಕದಂತೆ ತಡೆಯುವ ‘ಐ.ಓ.ಎಂ.ಎಂ.ಯು.’ ಎಂಬ ಕಾವಲುಗಾರನಿರಬೇಕು. ಇಲ್ಲವಾದರೆ ಒಂದು ಕಾರ್ಡಿನ ತಪ್ಪಿನಿಂದ ಇಡೀ ಯಂತ್ರವೇ ಕುಸಿದೀತು.

ಈ ಎರಡು ಭಾಷೆಗಳೂ ಕನ್ನಡನಾಡಿಗೆ ಪರಕೀಯವಲ್ಲ. ೨೦೦೮ರಲ್ಲಿ ಹೊರಬಂದ ಇಂಟೆಲಿನ ಆರು ತಿರುಳುಗಳ ‘ಜಿಯಾನ್ ೭೪೦೦’ ಬೆಂಗಳೂರಿನಲ್ಲಿ ರೂಪುಗೊಂಡಿತು. ಆರ್ಮ್ ಸಂಸ್ಥೆಗೂ ಅದೇ ನಗರದಲ್ಲಿ ವಿನ್ಯಾಸ ಕೇಂದ್ರವಿದೆ.

ಹೊಸ ಯಂತ್ರವನ್ನು ಕೊಳ್ಳುವ ಗೃಹಸ್ಥರು ಬೆಲೆಯೊಂದನ್ನೇ ವಿಚಾರಿಸದೆ, ಮನೆಯಲ್ಲಿರುವ ಪ್ರಿಂಟರಿಗೂ ಸ್ಕ್ಯಾನರಿಗೂ ಆರ್ಮ್ ಡ್ರೈವರು ದೊರೆಯುವುದೇ ಎಂದು ಮೊದಲು ಕೇಳುವುದು ಒಳಿತು. ಲೆಕ್ಕದ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವವರೆಗೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕದಿರುವುದು ಇನ್ನೂ ಒಳಿತು.